ಹಳೆ ಲ್ಯಾಪ್‌ಟಾಪ್ ಆನ್‌ಲೈನ್‌ನಲ್ಲಿ ಮಾರುವ ಕ್ರಮ: ಮೊದಲು ಅಳತೆ, ಆಮೇಲೆ ಬೆಲೆ

ಲ್ಯಾಪ್‌ಟಾಪ್ ಮಾರಾಟದ ಜಾಹೀರಾತು ವಾರಗಟ್ಟಲೆ ಹಾಗೇ ಬಿದ್ದಿದ್ದರೆ ತಪ್ಪು ಬಹುಪಾಲು ಕ್ರಮದಲ್ಲಿ ಇರುತ್ತದೆ. ಮೊದಲು ಬೆಲೆ ಹಾಕುತ್ತಾರೆ, ಆಮೇಲೆ ಫೋಟೊ ತೆಗೆಯುತ್ತಾರೆ. ಬ್ಯಾಟರಿ ಹೇಗಿದೆ ಎಂದು ಯಾರಾದರೂ ಕೇಳಿದ ಮೇಲೆ ಪರೀಕ್ಷೆಗೆ ಕೂರುತ್ತಾರೆ. ಕೊಳ್ಳುವವರು ಬಾಗಿಲಿಗೆ ಬಂದಾಗ ಗಡಿಬಿಡಿಯಲ್ಲಿ ಫೈಲ್ ಅಳಿಸುತ್ತಾರೆ. ಇದನ್ನೇ ತಿರುಗಿಸಿ ಮಾಡಿ: ಅಳೆಯಿರಿ, ಬೆಲೆ ಕಟ್ಟಿ, ಅಳಿಸಿ, ಫೋಟೊ ತೆಗೆಯಿರಿ, ಜಾಹೀರಾತು ಹಾಕಿ. ತುಂಬಾ ಜನ ಎಡವುವುದು ಎಲ್ಲವನ್ನೂ ಮೊದಲೇ ಅಳಿಸಿಬಿಟ್ಟು. ಆಮೇಲೆ ಬ್ಯಾಟರಿ ವರದಿ ತೆಗೆಯಲು ಇಡೀ ಸೆಟಪ್ ಮತ್ತೆ ಮಾಡಬೇಕಾಗುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಬ್ಯಾಕಪ್‌ಗೆ ಒಂದು ಹೊರ ಡಿಸ್ಕ್, 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್, ಎರಡು ಮೈಕ್ರೋಫೈಬರ್ ಬಟ್ಟೆ, 70% ಐಸೊಪ್ರೊಪೈಲ್ ಆಲ್ಕೊಹಾಲ್, ಮೃದು ಬ್ರಷ್, ಕ್ಯಾಮೆರಾ ಇರುವ ಫೋನ್. ಒಂದು ಪೂರ್ತಿ ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ.

## 1. ಮಾರಬಹುದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಕಚೇರಿಯಿಂದಲೋ ಕಾಲೇಜಿನಿಂದಲೋ ಬಂದ ಲ್ಯಾಪ್‌ಟಾಪ್ ಆಗಿದ್ದರೆ ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ > ಅಕೌಂಟ್ಸ್ > ಆಕ್ಸೆಸ್ ವರ್ಕ್ ಆರ್ ಸ್ಕೂಲ್ ತೆರೆದು ನೋಡಿ. ಅಲ್ಲಿ ಸಂಸ್ಥೆಯ ಖಾತೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ಸಂಸ್ಥೆಯ ಆಟೊಪೈಲಟ್ (ಮೈಕ್ರೋಸಾಫ್ಟ್‌ನಲ್ಲಿ ಸಂಸ್ಥೆಯ ಯಂತ್ರಗಳನ್ನು ನೋಂದಾಯಿಸುವ ವ್ಯವಸ್ಥೆ) ಪಟ್ಟಿಯಲ್ಲಿ ನೋಂದಾಯಿಸಿದ ಯಂತ್ರವನ್ನು ಎಷ್ಟು ಸಲ ಅಳಿಸಿದರೂ, ಇಂಟರ್ನೆಟ್‌ಗೆ ಜೋಡಿಸಿ ಸೆಟಪ್ ಮಾಡುವಾಗ ಮತ್ತೆ ಸಂಸ್ಥೆಯ ಲಾಗಿನ್ ಪರದೆಯೇ ಬರುತ್ತದೆ. ಆ ನೋಂದಣಿ ತೆಗೆಯುವ ಅಧಿಕಾರ ಸಂಸ್ಥೆಯ ಐಟಿ ವಿಭಾಗಕ್ಕೆ ಮಾತ್ರ ಇರುತ್ತದೆ. ಯಂತ್ರ ನಿಮ್ಮದೇ ಆಗಿದೆ ಎಂಬ ಪತ್ರವನ್ನೂ ಅವರಿಂದಲೇ ಪಡೆಯಿರಿ.

ಯಾವತ್ತೋ ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಓಡುವ, ಯಂತ್ರದೊಳಗಿನ ಮೂಲ ತಂತ್ರಾಂಶಕ್ಕೆ) ಪಾಸ್‌ವರ್ಡ್ ಹಾಕಿದ್ದರೆ ಈಗಲೇ ತೆಗೆಯಿರಿ. ಅದು ಫ್ಯಾಕ್ಟರಿ ರೀಸೆಟ್‌ನಿಂದ ಹೋಗುವುದಿಲ್ಲ.

ಮೂರನೆಯದು ಸುರಕ್ಷತೆ. ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಡಿ. ಮೂಲೆ ಒತ್ತಿದಾಗ ತೊನೆದಾಡಿದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಅದರ ಕ್ಲಿಕ್ ಬಿಗಿಯಾಗಿದ್ದರೆ, ತಳದ ಹೊದಿಕೆ ಬಾಯಿ ಬಿಟ್ಟಿದ್ದರೆ ಬ್ಯಾಟರಿ ಊದಿರಬಹುದು. ಅದನ್ನು ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ತಿಳಿದವರಿಂದ ಬ್ಯಾಟರಿ ತೆಗೆಸುವವರೆಗೆ ಆ ಯಂತ್ರವನ್ನು ಮಾರುವಂತಿಲ್ಲ, ಕೊರಿಯರ್ ಮಾಡುವಂತೆಯೂ ಇಲ್ಲ.

## 2. ಯಂತ್ರದ ನಿಖರ ಗುರುತು ಬರೆದುಕೊಳ್ಳಿ

"ಐ5 ಲ್ಯಾಪ್‌ಟಾಪ್" ಎನ್ನುವುದರಿಂದ ಏನೂ ತಿಳಿಯುವುದಿಲ್ಲ. ಇಂಟೆಲ್‌ನ ಐ5-7200ಯು ಎರಡು ಕೋರ್‌ನದು (ಕೋರ್ ಎಂದರೆ ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕ). ಅದರ ಮುಂದಿನ ಪೀಳಿಗೆಯ ಐ5-8250ಯು ನಾಲ್ಕು ಕೋರ್‌ನದು. ಎರಡರ ಮೇಲೂ ಅಂಟಿಸಿರುವುದು "ಕೋರ್ ಐ5" ಸ್ಟಿಕ್ಕರೇ. ವಿಂಡೋಸ್‌ನ ಸರ್ಚ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ಮಾದರಿ, ಪ್ರೊಸೆಸರ್‌ನ ಪೂರ್ತಿ ಸಂಖ್ಯೆ, ರ‍್ಯಾಮ್ ಎಲ್ಲ ಒಂದೇ ಕಡೆ ಸಿಗುತ್ತವೆ. ಮ್ಯಾಕ್‌ನಲ್ಲಿ ಆ್ಯಪಲ್ ಮೆನು > ಅಬೌಟ್ ದಿಸ್ ಮ್ಯಾಕ್. ಇವುಗಳ ಜೊತೆಗೆ ಡಿಸ್ಕಿನ ಬಗೆ ಮತ್ತು ಗಾತ್ರ, ಪರದೆಯ ಇಂಚು ಮತ್ತು ರೆಸಲ್ಯೂಶನ್, ರ‍್ಯಾಮ್ ಬದಲಿಸಬಹುದೇ ಅಥವಾ ಬೋರ್ಡಿಗೇ ಬೆಸುಗೆಯಾಗಿದೆಯೇ ಎಂಬುದನ್ನೂ ಬರೆದುಕೊಳ್ಳಿ. ತಳಭಾಗದಲ್ಲಿರುವ ಉಪಮಾದರಿ ಸಂಖ್ಯೆ ಬಿಡಬೇಡಿ. ಒಂದೇ ಹೆಸರಿನ ಮಾದರಿಯಲ್ಲೇ ಹತ್ತಾರು ರೂಪಗಳಿರುತ್ತವೆ.

ಬೆಲೆಯನ್ನು ಒಂದೇ ಏಟಿಗೆ ಕೆಳಗಿಳಿಸುವ ಗೆರೆ ಒಂದಿದೆ, ಅದು ವಿಂಡೋಸ್ 11. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಕೀಲಿಗಳನ್ನು ಕಾಯುವ ಭದ್ರತಾ ಚಿಪ್) ಬೇಕು, ಜೊತೆಗೆ ಕೆಲವು ಅಪವಾದ ಬಿಟ್ಟರೆ ಇಂಟೆಲ್ 8ನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹಾಗಾಗಿ 7ನೇ ಮತ್ತು 8ನೇ ಪೀಳಿಗೆಯ ನಡುವೆ ವಯಸ್ಸಿನ ಅಂತರ ಒಂದು ವರ್ಷವಾದರೂ ಬೆಲೆಯ ಅಂತರ ಅದಕ್ಕಿಂತ ಬಹಳ ದೊಡ್ಡದು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಓಡಿಸಿ, ಫಲಿತಾಂಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕ್ರೋಮ್‌ಬುಕ್ ಆಗಿದ್ದರೆ ಸ್ವಯಂ ಅಪ್‌ಡೇಟ್ ನಿಲ್ಲುವ ದಿನಾಂಕ ಇದೇ ಕೆಲಸ ಮಾಡುತ್ತದೆ. ಅದು ಸೆಟ್ಟಿಂಗ್ಸ್‌ನಲ್ಲೇ ಇದೆ.

## 3. ಆರೋಗ್ಯವನ್ನು ಅಂಕಿಯಲ್ಲಿ ಅಳೆಯಿರಿ

ಬ್ಯಾಟರಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಮುಂದೊರಗಿದ ಓರೆಗೆರೆ ಹಾಕಿ, ಬ್ಯಾಟರಿ ರಿಪೋರ್ಟ್ ಎಂಬುದನ್ನು ಒಂದೇ ಪದವಾಗಿ ಬರೆದು (powercfg /batteryreport) ಎಂಟರ್ ಒತ್ತಿ. ವರದಿಯ ಫೈಲ್ ಎಲ್ಲಿ ಉಳಿಯಿತೆಂದು ಅದೇ ತೋರಿಸುತ್ತದೆ. ಬ್ರೌಸರ್‌ನಲ್ಲಿ ತೆರೆದು ಎರಡು ಸಂಖ್ಯೆ ಹುಡುಕಿ: ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ 100ರಿಂದ ಗುಣಿಸಿ. 50,000ಕ್ಕೆ 36,500 ಇದ್ದರೆ ಆರೋಗ್ಯ 73%. ಥಿಂಕ್‌ಪ್ಯಾಡ್ ಟಿ480ಯಂತಹ ಕೆಲವು ಮಾದರಿಗಳಲ್ಲಿ ಎರಡು ಬ್ಯಾಟರಿ ಇರುತ್ತವೆ, ಆಗ ಎರಡರ ಲೆಕ್ಕವನ್ನೂ ಬೇರೆಬೇರೆಯಾಗಿ ಕೊಡಿ. ಮ್ಯಾಕ್‌ಬುಕ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್‌ನ ಪವರ್ ವಿಭಾಗದಲ್ಲಿ ಸೈಕಲ್ ಕೌಂಟ್ (ಪೂರ್ತಿ ಚಾರ್ಜ್‌ನಷ್ಟು ಬಳಕೆ ಎಷ್ಟು ಸಲ ಆಗಿದೆ ಎಂಬ ಎಣಿಕೆ) ಮತ್ತು ಕಂಡೀಷನ್ ಕಾಣುತ್ತವೆ. ಇತ್ತೀಚಿನ ಮಾದರಿಗಳಿಗೆ ಕಂಪನಿ ಹೇಳುವ ಮಿತಿ 1,000 ಸೈಕಲ್.

ಈ ಅಂಕಿ ಒಂದೇ ಪೂರ್ತಿ ಕತೆ ಹೇಳುವುದಿಲ್ಲ. 85% ತೋರಿಸಿಯೂ 30% ಚಾರ್ಜ್ ಇರುವಾಗಲೇ ಏಕಾಏಕಿ ಆರಿಹೋಗುವ ಬ್ಯಾಟರಿಗಳುಂಟು. ಪೂರ್ತಿ ಚಾರ್ಜ್ ಮಾಡಿ, ಪರದೆಯ ಬೆಳಕು ಅರ್ಧಕ್ಕಿಟ್ಟು, ವಿಡಿಯೊ ಓಡಿಸಿ ಎಷ್ಟು ಹೊತ್ತು ಬಂತೆಂದು ಗಡಿಯಾರ ನೋಡಿ ಬರೆದುಕೊಳ್ಳಿ.

ಡಿಸ್ಕ್. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಎಸ್‌ಎಸ್‌ಡಿಯ (ತಿರುಗುವ ಭಾಗವಿಲ್ಲದ, ಚಿಪ್‌ನ ಡಿಸ್ಕ್) ಉಳಿದ ಆರೋಗ್ಯ ಮತ್ತು ಓಡಿದ ಗಂಟೆಗಳನ್ನು ತೋರಿಸುತ್ತದೆ. ಹಳೆ ಹಾರ್ಡ್ ಡಿಸ್ಕ್‌ಗೆ ಅದು ಹಳದಿ ಬಣ್ಣದಲ್ಲಿ "ಕಾಷನ್" ಎಂದರೆ ಆ ಡಿಸ್ಕ್ ಸಮೇತ ಮಾರಬೇಡಿ. ಕೆಟ್ಟ ಸೆಕ್ಟರ್‌ಗಳು ಶುರುವಾದ ಮೇಲೆ ಅದು ಯಾವ ದಿನ ಕೈಕೊಡುತ್ತದೆಂದು ಹೇಳಲಾಗದು, ಬೈಗುಳ ಮಾತ್ರ ನಿಮಗೇ ಬರುತ್ತದೆ.

ಪರದೆ. ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಪೂರ್ಣ ಪರದೆಯಲ್ಲಿ ಇಟ್ಟು ನೋಡಿ. ಕಪ್ಪನ್ನು ಕತ್ತಲ ಕೋಣೆಯಲ್ಲೇ ನೋಡಬೇಕು, ಅಂಚಿನಿಂದ ಸೋರುವ ಬೆಳಕು ಆಗ ಮಾತ್ರ ಕಾಣುತ್ತದೆ. ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಆಡಿಸಿ. ಯಾವುದೋ ಒಂದು ಕೋನದಲ್ಲಿ ಚಿತ್ರ ಮಿನುಗಿದರೆ ಹಿಂಜ್ ಒಳಗಿನ ಕೇಬಲ್ ಸವೆದಿರುವ ಸಾಧ್ಯತೆ ಹೆಚ್ಚು.

ಉಳಿದದ್ದು. ಪ್ರತಿ ಕೀ, ಪ್ರತಿ ಯುಎಸ್‌ಬಿ, ಎಚ್‌ಡಿಎಂಐ, ಹೆಡ್‌ಫೋನ್ ಕಿಂಡಿ, ಕ್ಯಾಮೆರಾ, ಮೈಕ್, ಎರಡೂ ಸ್ಪೀಕರ್, ವೈಫೈ, ಬ್ಲೂಟೂತ್. ಯುಎಸ್‌ಬಿ ಕಿಂಡಿಗಳಲ್ಲಿ ಒಂದನ್ನು ಪರೀಕ್ಷಿಸಿ ಎಲ್ಲವೂ ಸರಿ ಎಂದು ಬರೆಯುವುದು ತೀರಾ ಸಾಮಾನ್ಯ ತಪ್ಪು. ಚಾರ್ಜರ್ ಮೂಲದ್ದೇ, ಎಷ್ಟು ವ್ಯಾಟ್ ಎಂಬುದನ್ನೂ ನೋಡಿ. ಬೇಕಾದ್ದಕ್ಕಿಂತ ಕಡಿಮೆ ವ್ಯಾಟ್ ಇದ್ದರೆ ಕೆಲಸ ಮಾಡುತ್ತಲೇ ಚಾರ್ಜ್ ಇಳಿಯಬಹುದು.

ಎಲ್ಲ ಪರೀಕ್ಷೆಯ ಸ್ಕ್ರೀನ್‌ಶಾಟ್‌ಗಳನ್ನೂ ಫೋನಿಗೆ ಕಳಿಸಿಕೊಳ್ಳಿ. ಕಂಪ್ಯೂಟರ್ ಹೆಸರು, ಸೀರಿಯಲ್ ಸಂಖ್ಯೆ ಕಾಣುವ ಜಾಗವನ್ನು ಮರೆಮಾಡಿ.

## 4. ಯಾವ ರಿಪೇರಿ ಮಾಡಿಸಬೇಕು, ಯಾವುದು ಬೇಡ

ಚಾರ್ಜರ್ ಇಲ್ಲದಿದ್ದರೆ ಹೊಂದುವ ಒಂದನ್ನು ಕೊಂಡಿಡಿ. ಚಾರ್ಜರ್ ಇಲ್ಲದ ಲ್ಯಾಪ್‌ಟಾಪನ್ನು ಪರೀಕ್ಷಿಸಲಾಗದು, ಹಾಗಾಗಿ ಜನ ಅದನ್ನು ಕೆಟ್ಟದ್ದೆಂದೇ ಲೆಕ್ಕ ಹಾಕುತ್ತಾರೆ. ಬಿದ್ದುಹೋದ ಸ್ಕ್ರೂ, ರಬ್ಬರ್ ಕಾಲು ಹಾಕಿಸಿ. ಬೂಟ್ ಆಗುವುದು ಇನ್ನೂ ತಿರುಗುವ ಹಾರ್ಡ್ ಡಿಸ್ಕ್‌ನಿಂದಲೇ ಆಗಿದ್ದರೆ ಸಣ್ಣ ಎಸ್‌ಎಸ್‌ಡಿ ಹಾಕುವುದು ಯೋಚಿಸಬಹುದಾದ ಖರ್ಚು. ಹಳೆ ಡಿಸ್ಕ್ ನಿಮ್ಮ ಮಾಹಿತಿಯೊಂದಿಗೆ ನಿಮ್ಮ ಬಳಿಯೇ ಉಳಿಯುತ್ತದೆ ಎಂಬುದು ಇದರಲ್ಲಿರುವ ಇನ್ನೊಂದು ಅನುಕೂಲ.

ಪರದೆ, ಮದರ್‌ಬೋರ್ಡ್, ಕೀಬೋರ್ಡ್ ಬದಲಿಸಿ ಮಾರಿದರೆ ಹಾಕಿದ ಹಣ ಹಿಂತಿರುಗುವುದು ಅಪರೂಪ. ಹೊಸ ಬ್ಯಾಟರಿಯದೂ ಹೆಚ್ಚುಕಡಿಮೆ ಅದೇ ಲೆಕ್ಕ. ಬದಲಿಸದೆ ಅಷ್ಟು ಬೆಲೆ ಇಳಿಸುವುದೇ ಲೇಸು, ಎಂಥದ್ದು ಹಾಕಿಸಬೇಕೆಂದು ಕೊಳ್ಳುವವರೇ ತೀರ್ಮಾನಿಸುತ್ತಾರೆ.

## 5. ಬೆಲೆ ಕಟ್ಟುವುದು

ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಬಿಲ್ಲು ತೋರಿಸಲು ಬೇಕು, ಬೆಲೆ ಕಟ್ಟಲು ಬೇಡ.

ಮೇಲಿನ ಗೆರೆ: ಇದೇ ಮಾದರಿ, ಅಥವಾ ಇಷ್ಟೇ ಶಕ್ತಿಯ ಮಾದರಿ, ವಾರಂಟಿ ಸಮೇತ ರೀಫರ್ಬಿಶ್ಡ್ (ಅಂಗಡಿಯವರು ಪರೀಕ್ಷಿಸಿ ಸರಿಪಡಿಸಿದ ಹಳೆಯದು) ಆಗಿ ಎಷ್ಟಕ್ಕೆ ಸಿಗುತ್ತದೆ? ನೀವು ವಾರಂಟಿ ಕೊಡುತ್ತಿಲ್ಲ, ವಾಪಸ್ ಪಡೆಯುತ್ತಿಲ್ಲ. ಆದ್ದರಿಂದ ಆ ಬೆಲೆಯನ್ನು ನೀವು ಮುಟ್ಟುವುದು ಸಾಧ್ಯವೇ ಇಲ್ಲ.

ಕೆಳಗಿನ ಗೆರೆ: ಹಳೆ ಸಾಧನ ಕೊಳ್ಳುವ ಕಂಪನಿಗಳೋ ಎಕ್ಸ್‌ಚೇಂಜ್ ಯೋಜನೆಗಳೋ ತಕ್ಷಣ ಕೊಡುವ ಮೊತ್ತ. ಇದಕ್ಕಿಂತ ಕಡಿಮೆಗೆ ಚೌಕಾಸಿಯಲ್ಲಿ ಇಳಿಯುವುದಾದರೆ ಇಷ್ಟೆಲ್ಲ ಶ್ರಮವೇ ಬೇಡ. ವೆಬ್‌ಸೈಟಿನಲ್ಲಿ ತೋರಿಸುವ ಮೊತ್ತ ಪರಿಶೀಲನೆಯ ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ದೋಷಗಳ ಪ್ರಶ್ನೆಗಳಿಗೆ ಇದ್ದದ್ದನ್ನು ಇದ್ದ ಹಾಗೆ ಉತ್ತರಿಸಿದಾಗ ಬರುವ ಸಂಖ್ಯೆಯೇ ನಿಜವಾದ ಗೆರೆ.

ನಿಮ್ಮ ಬೆಲೆ ಈ ಎರಡರ ನಡುವೆ ಎಲ್ಲಿ ಬೀಳುತ್ತದೆಂದು ತಿಳಿಯಲು ಮಾರಾಟವಾದ ಬೆಲೆಗಳನ್ನು ನೋಡಬೇಕು, ಕೇಳುತ್ತಿರುವ ಬೆಲೆಗಳನ್ನಲ್ಲ. ಇಬೇಯಂತಹ ತಾಣಗಳಲ್ಲಿ "ಸೋಲ್ಡ್ ಐಟಮ್ಸ್" ಎಂಬ ಫಿಲ್ಟರ್ ಇದೆ. ಆ ಸೌಲಭ್ಯ ಇಲ್ಲದ ತಾಣದಲ್ಲಿ ನಿಮ್ಮದನ್ನೇ ಹೋಲುವ ಎಂಟು ಹತ್ತು ಜಾಹೀರಾತು ಗುರುತಿಟ್ಟುಕೊಂಡು ಹತ್ತು ದಿನ ಬಿಟ್ಟು ನೋಡಿ. ಮಾಯವಾದವು ಬಹುಶಃ ಮಾರಾಟವಾಗಿವೆ. ಇನ್ನೂ ಅಲ್ಲೇ ಇರುವವು ಆ ಬೆಲೆಗೆ ಹೋಗುವುದಿಲ್ಲ ಎಂದು ತಾವೇ ಸಾರುತ್ತಿವೆ. ವಿಚಿತ್ರವೆಂದರೆ ಹೆಚ್ಚಿನವರು ಬೆಲೆ ನಕಲು ಮಾಡುವುದು ಈ ಎರಡನೆಯ ಗುಂಪಿನಿಂದಲೇ. ತೀರಾ ಮೇಲಿನದನ್ನೂ ತೀರಾ ಕೆಳಗಿನದನ್ನೂ ಬಿಟ್ಟು ಮಧ್ಯದ ಬೆಲೆಯನ್ನು ಹಿಡಿಯಿರಿ.

ಈಗ ಕೂಡು-ಕಳೆ. ಅಂಥದ್ದೇ ಹೊಸ ಲ್ಯಾಪ್‌ಟಾಪಿನ ಇಂದಿನ ಬೆಲೆ 100 ಎಂದು ಇಟ್ಟುಕೊಳ್ಳಿ. ಉದಾಹರಣೆಗೆ ರೀಫರ್ಬಿಶ್ಡ್ 62, ತಕ್ಷಣ ಕೊಳ್ಳುವವರ ಮೊತ್ತ 30, ಮಾರಾಟವಾದವುಗಳ ಮಧ್ಯದ ಬೆಲೆ 48. ನಿಮ್ಮ ಬ್ಯಾಟರಿ 58% ಇದ್ದು ಕೂಲಿ ಸೇರಿ ಬದಲಿಸಲು 6 ಬೀಳುವುದಾದರೆ ಪೂರ್ತಿ 6 ಕಳೆಯಿರಿ. 80% ದಾಟಿದ್ದರೆ ಏನೂ ಕಳೆಯಬೇಕಿಲ್ಲ, 60ರಿಂದ 80ರ ನಡುವೆ ಇದ್ದರೆ ಅರ್ಧ ಸಾಕು. ಮೂಲೆ ನಜ್ಜಾಗಿದ್ದಕ್ಕೆ 2. ಉಳಿದದ್ದು 40. ಇದು ನಿಜವಾಗಿ ಕೈಸೇರಬಹುದಾದ ಬೆಲೆ. ಚೌಕಾಸಿಗೆಂದು 8% ಸೇರಿಸಿ 43 ಎಂದು ಹಾಕಿ. 20% ಸೇರಿಸಿದರೆ ಬೆಲೆಯ ಫಿಲ್ಟರ್ ಹಾಕಿ ಹುಡುಕುವವರ ಕಣ್ಣಿಗೆ ನಿಮ್ಮ ಜಾಹೀರಾತು ಬೀಳುವುದೇ ಇಲ್ಲ. ಜನ ಸಾಮಾನ್ಯವಾಗಿ ದುಂಡು ಸಂಖ್ಯೆಯಲ್ಲಿ ಫಿಲ್ಟರ್ ಹಾಕುತ್ತಾರೆ, ಆದ್ದರಿಂದ ನಿಮ್ಮ ಬೆಲೆ ಅಂಥ ಸಂಖ್ಯೆಗೆ ಸ್ವಲ್ಪ ಮೇಲಿದ್ದರೆ ಅದರ ಕೆಳಗೆ ತನ್ನಿ.

ಇನ್ನೊಂದು ಕಳೆಯುವ ಲೆಕ್ಕ ಬಾಕಿ ಇದೆ. ತಾಣದ ಕಮಿಷನ್ 10% ಆದರೆ 40ರಲ್ಲಿ 4 ಹೋಯಿತು. ಪ್ಯಾಕಿಂಗ್, ಸಾಗಣೆಗೆ 2. ಕೈಗೆ ಬರುವುದು 34. ಕೆಳಗಿನ ಗೆರೆ 30 ಇತ್ತಲ್ಲ, ವ್ಯತ್ಯಾಸ ಬರೀ 4. ಹತ್ತಾರು ಸಂದೇಶಕ್ಕೆ ಉತ್ತರ, ಅಪರಿಚಿತರ ಭೇಟಿ, ವಾಪಸಿನ ತಲೆನೋವು ಇವೆಲ್ಲ ಆ 4ಕ್ಕೆ ತಕ್ಕದ್ದೇ ಎಂದು ಇಲ್ಲೇ ನಿರ್ಧರಿಸಿ. ಕೆಲವು ಲ್ಯಾಪ್‌ಟಾಪ್‌ಗಳಿಗೆ ಉತ್ತರ ಖಂಡಿತ "ಇಲ್ಲ".

ರ‍್ಯಾಮ್ ಸೇರಿಸಲು ಕೊಟ್ಟ ಹಣ, ಬ್ಯಾಗು, ಮೌಸು, ಸ್ಟಿಕ್ಕರ್, ಪೈರೇಟೆಡ್ ತಂತ್ರಾಂಶ ಇವಕ್ಕೆಲ್ಲ ಬೆಲೆ ಸೇರಿಸಬೇಡಿ. ಪೈರೇಟೆಡ್ ತಂತ್ರಾಂಶದ ಹೆಸರನ್ನೂ ಎತ್ತಬೇಡಿ. ಉಳಿದಿರುವ ಕಂಪನಿ ವಾರಂಟಿಗೆ ಮಾತ್ರ ನಿಜವಾಗಿ ಬೆಲೆ ಇದೆ.

## 6. ಬ್ಯಾಕಪ್, ಲಾಗ್‌ಔಟ್, ಅಳಿಸುವಿಕೆ: ಇದೇ ಸಾಲಿನಲ್ಲಿ

1. ಫೈಲ್‌ಗಳನ್ನು ಹೊರ ಡಿಸ್ಕ್‌ಗೆ ನಕಲಿಸಿ, ಬೇರೆ ಕಂಪ್ಯೂಟರ್‌ನಲ್ಲಿ ಆ ಡಿಸ್ಕ್ ಸಿಕ್ಕಿಸಿ ಹತ್ತು ಫೈಲ್ ತೆರೆದು ನೋಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಬ್ರೌಸರ್‌ನ ಪಾಸ್‌ವರ್ಡ್‌ಗಳು ಜನ ಮರೆಯುವ ಮೂರು ಜಾಗ.

2. ಯಾವುದಾದರೂ ಖಾತೆಯ ಪಾಸ್‌ಕೀ (ಪಾಸ್‌ವರ್ಡ್ ಬದಲು ಬಳಸುವ ಡಿಜಿಟಲ್ ಕೀಲಿ) ಅಥವಾ ಎರಡು ಹಂತದ ದೃಢೀಕರಣ ಈ ಲ್ಯಾಪ್‌ಟಾಪ್ ಒಂದನ್ನೇ ನಂಬಿಕೊಂಡಿದೆಯೇ ನೋಡಿ. ಇದ್ದರೆ ಮೊದಲು ಫೋನಿನಲ್ಲಿ ಹೊಂದಿಸಿ. ಇಲ್ಲದಿದ್ದರೆ ಅಳಿಸಿದ ಮೇಲೆ ನಿಮ್ಮ ಖಾತೆಯ ಬಾಗಿಲು ನಿಮಗೇ ಮುಚ್ಚುತ್ತದೆ.

3. ಸಾಧನಗಳ ಸಂಖ್ಯೆಗೆ ಮಿತಿ ಇರುವ ತಂತ್ರಾಂಶಗಳಿಂದ ಲಾಗ್‌ಔಟ್ ಆಗಿ. ಮ್ಯಾಕ್‌ನಲ್ಲಿ ಮೊದಲು ಫೈಂಡ್ ಮೈ ಆಫ್ ಮಾಡಿ, ಆಮೇಲೆ ಐಕ್ಲೌಡ್‌ನಿಂದ ಹೊರಬನ್ನಿ. ಆ್ಯಕ್ಟಿವೇಶನ್ ಲಾಕ್ (ಹಳೆ ಮಾಲೀಕರ ಖಾತೆಗೆ ಕಟ್ಟಿದ ಬೀಗ) ಉಳಿದ ಮ್ಯಾಕ್ ಕೊಂಡವರ ಪಾಲಿಗೆ ಕಬ್ಬಿಣದ ತುಂಡು.

4. ಈಗ ಅಳಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ > ಸಿಸ್ಟಮ್ > ರಿಕವರಿ > ರೀಸೆಟ್ ದಿಸ್ ಪಿಸಿ > ರಿಮೂವ್ ಎವ್ರಿಥಿಂಗ್. ಮುಂದೆ ಬರುವ ಚೇಂಜ್ ಸೆಟ್ಟಿಂಗ್ಸ್ ಒತ್ತಿ ಕ್ಲೀನ್ ಡೇಟಾ ಆನ್ ಮಾಡಿ. ಇದನ್ನು ಬಿಟ್ಟರೆ ಫೈಲ್‌ಗಳು ಕಣ್ಣಿಗಷ್ಟೇ ಮರೆಯಾಗಬಹುದು, ರಿಕವರಿ ತಂತ್ರಾಂಶಕ್ಕೆ ಅಲ್ಲ. ಆ್ಯಪಲ್ ಸಿಲಿಕಾನ್ ಅಥವಾ ಟಿ2 ಚಿಪ್ ಇರುವ, ಮ್ಯಾಕ್‌ಓಎಸ್ ಮಾಂಟೆರಿ ಅಥವಾ ಅದರ ನಂತರದ ಮ್ಯಾಕ್‌ಗಳಲ್ಲಿ ಇರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್ ಸಾಕು. ಕ್ರೋಮ್‌ಬುಕ್‌ನಲ್ಲಿ ಪವರ್‌ವಾಶ್ ಎಂಬ ರೀಸೆಟ್.

ಎಸ್‌ಎಸ್‌ಡಿಯ ವಿಷಯ ಸ್ವಲ್ಪ ಬೇರೆ. ಅದು ಸವೆತ ಹಂಚಲು ಮಾಹಿತಿಯನ್ನು ಒಳಗೊಳಗೇ ಸ್ಥಳಾಂತರಿಸುತ್ತಿರುತ್ತದೆ, ಹಾಗಾಗಿ ಮೇಲೆ ಮೇಲೆ ಬರೆದರೂ ಕೆಲವು ತುಣುಕು ಉಳಿಯಬಹುದು. ಅಳಿಸುವ ಮೊದಲೇ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಕೀಲಿ ಇಲ್ಲದೆ ಓದಲಾಗದಂತೆ ಡಿಸ್ಕಿನ ಮಾಹಿತಿಯನ್ನು ಗೂಢವಾಗಿಸುವ ವಿಂಡೋಸ್ ಸೌಲಭ್ಯ) ಆನ್ ಆಗಿದ್ದರೆ ಆ ಚಿಂತೆ ತಪ್ಪುತ್ತದೆ, ಕೀಲಿ ಹೋದ ಮೇಲೆ ಉಳಿದ ತುಣುಕು ಓದಲಾಗದ ಕಸ. ಎನ್‌ಕ್ರಿಪ್ಶನ್ ಇಲ್ಲದಿದ್ದರೆ ಡಿಸ್ಕ್ ತಯಾರಕರ ತಂತ್ರಾಂಶದಲ್ಲಿರುವ ಸೆಕ್ಯೂರ್ ಇರೇಸ್ ಬಳಸಿ.

5. ಭಾಷೆ ಆರಿಸುವ ಮೊದಲ ಪರದೆ ಬಂದಾಗ ನಿಲ್ಲಿಸಿ ಯಂತ್ರವನ್ನು ಆಫ್ ಮಾಡಿಬಿಡಿ. ಯಂತ್ರದ ಜೊತೆಗೇ ಬಂದ ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಇರುತ್ತದೆ, ಹೊಸಬರಿಗೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಪೆನ್‌ಡ್ರೈವ್‌ನಲ್ಲಿ ಉಬುಂಟು ಲೈವ್ (ಪೆನ್‌ಡ್ರೈವ್‌ನಿಂದಲೇ ಓಡುವ ಉಚಿತ ಆಪರೇಟಿಂಗ್ ಸಿಸ್ಟಮ್) ಸಿದ್ಧಮಾಡಿಡಿ. ಯಾವ ಖಾತೆಯೂ ಇಲ್ಲದೆ, ಡಿಸ್ಕ್ ಮುಟ್ಟದೆ, ಕೀಬೋರ್ಡ್, ವೈಫೈ, ಕ್ಯಾಮೆರಾ, ಶಬ್ದ ಎಲ್ಲವನ್ನೂ ಕೊಳ್ಳುವವರಿಗೆ ತೋರಿಸಬಹುದು.

## 7. ಒರೆಸಿ, ಫೋಟೊ ತೆಗೆಯಿರಿ

ಪೂರ್ತಿ ಆರಿಸಿ ಚಾರ್ಜರ್ ಕಿತ್ತ ಮೇಲೆ ಒರೆಸಿ. ಕೀಬೋರ್ಡ್, ಮೈಗೆ ಆಲ್ಕೊಹಾಲ್ ತುಸು ತಾಗಿಸಿದ ಬಟ್ಟೆ; ಪರದೆಗೆ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಮಾತ್ರ. ಯಾವುದನ್ನೂ ನೇರವಾಗಿ ಸಿಂಪಡಿಸಬೇಡಿ. ಸ್ಟಿಕ್ಕರ್ ಅಂಟು, ಕೀಗಳ ನಡುವಿನ ಧೂಳು ತೆಗೆಯಿರಿ.

ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಒಂದೇ ಬಣ್ಣದ ಬಟ್ಟೆಯ ಮೇಲಿಟ್ಟು ಎಂಟರಿಂದ ಹತ್ತು ಫೋಟೊ ತೆಗೆಯಿರಿ: ತೆರೆದ ಮುಂಭಾಗ, ಮುಚ್ಚಳ, ತಳ, ಎಡ-ಬಲ ಅಂಚು, ಕೀಬೋರ್ಡ್ ಮೇಲಿನಿಂದ, ಸೆಟಪ್ ಪರದೆ ಉರಿಯುತ್ತಿರುವಾಗ, ಚಾರ್ಜರ್ ಮತ್ತು ಅದರ ವ್ಯಾಟ್ ಚೀಟಿ. ಪ್ರತಿ ಗೀರಿಗೂ ಹತ್ತಿರದಿಂದ ಒಂದು. ಗೀರು ಮುಚ್ಚಿಟ್ಟ ಜಾಹೀರಾತಿಗೆ ಭೇಟಿಯ ಹೊತ್ತಿನಲ್ಲಿ ಬೀಳುವ ಕಡಿತ, ಗೀರಿನ ನಿಜವಾದ ಬೆಲೆಗಿಂತ ಯಾವಾಗಲೂ ಹೆಚ್ಚು. ತಳದ ಸೀರಿಯಲ್ ಸಂಖ್ಯೆ ಮಸುಕು ಮಾಡಿ. ಪರದೆಯಲ್ಲಿ ನಿಮ್ಮ ಮುಖ, ಮನೆ ಪ್ರತಿಫಲಿಸಿಲ್ಲವೇ ನೋಡಿ, ಫೋನಿನ ಕ್ಯಾಮೆರಾದಲ್ಲಿ ಸ್ಥಳದ ಮಾಹಿತಿ ಆಫ್ ಮಾಡಿ.

## 8. ಜಾಹೀರಾತಿನ ಮಾತು

ಶೀರ್ಷಿಕೆಯಲ್ಲಿ ಜನ ಹುಡುಕುವ ಪದಗಳೇ ಇರಲಿ, ಈ ಸಾಲಿನಲ್ಲಿ: ಕಂಪನಿ, ಮಾದರಿ, ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಪರದೆ. ಉದಾಹರಣೆಗೆ: "ಲೆನೊವೊ ಥಿಂಕ್‌ಪ್ಯಾಡ್ ಟಿ480, ಐ5-8250ಯು, 16 ಜಿಬಿ, 512 ಜಿಬಿ ಎಸ್‌ಎಸ್‌ಡಿ, 14 ಇಂಚು". "ಸೂಪರ್ ಕಂಡೀಷನ್", "ಅರ್ಜೆಂಟ್" ಬೇಡ. ಅರ್ಜೆಂಟ್ ಎಂದರೆ ಓದುವವರಿಗೆ ಕೇಳಿಸುವುದು "ಇನ್ನಷ್ಟು ಇಳಿಸುತ್ತೇನೆ" ಎಂದು.

ವಿವರಣೆಯಲ್ಲಿ ಮೊದಲ ಸಾಲಿಗೇ ದೋಷ ಬರೆಯಿರಿ. ನಂತರ ಬ್ಯಾಟರಿಯ ಶೇಕಡಾ ಮತ್ತು ಬಂದ ಗಂಟೆ, ಡಿಸ್ಕ್ ಆರೋಗ್ಯ, ಕೊಂಡ ತಿಂಗಳು-ವರ್ಷ, ರಿಪೇರಿ ಆಗಿದ್ದರೆ ಏನು, ಏನೇನು ಜೊತೆಗೆ ಬರುತ್ತದೆ, ಬಿಲ್ಲು ಇದೆಯೇ, ವಿಂಡೋಸ್ 11 ನಡೆಯುತ್ತದೆಯೇ, ಹಣ ಪಡೆಯುವ ವಿಧಾನ. ಹೀಗೆ ಬರೆಯಬಹುದು: "ಬಲ ಮೂಲೆಯಲ್ಲಿ ನಜ್ಜು ಇದೆ, 6ನೇ ಫೋಟೊ ನೋಡಿ. ಬ್ಯಾಟರಿ 73%, ವಿಡಿಯೊ ನೋಡಿದರೆ ಮೂರೂವರೆ ಗಂಟೆ. ಉಳಿದ ಎಲ್ಲ ಕಿಂಡಿ, ಕೀ ಪರೀಕ್ಷಿಸಿದ್ದೇನೆ."

ಹಾಕಿದ ಮೇಲೆ ಬರುವ ಲಕ್ಷಣ ಓದಿ. ವಾರ ಕಳೆದರೂ ನೋಡಿದವರೇ ಇಲ್ಲದಿದ್ದರೆ ತೊಂದರೆ ಶೀರ್ಷಿಕೆಯಲ್ಲೋ ಫಿಲ್ಟರ್ ಗೆರೆಯಲ್ಲೋ ಇದೆ. ನೋಡುವವರು ತುಂಬಾ, ಸಂದೇಶ ಒಂದೂ ಇಲ್ಲ ಎಂದರೆ ಬೆಲೆ ಅಥವಾ ಮೊದಲ ಫೋಟೊ. ಸಂದೇಶ ಬಂದು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಿದ್ದರೆ ಅದರ ಉತ್ತರ ವಿವರಣೆಯಲ್ಲಿಲ್ಲ. ಬೆಲೆ ಇಳಿಸುವುದಾದರೆ ಒಂದೇ ಸಲ 5ರಿಂದ 7% ಇಳಿಸಿ. ದಿನಕ್ಕಿಷ್ಟು ಎಂದು ಚೂರುಚೂರೇ ಇಳಿಸಿದರೆ ಜನ ಕಾಯುತ್ತಾ ಕೂರುತ್ತಾರೆ.

## 9. ಸಂದೇಶಗಳು ಮತ್ತು ವಂಚನೆಯ ಲಕ್ಷಣ

"ಕೊನೆ ಬೆಲೆ ಎಷ್ಟು?" ಎಂಬ ಒಂದೇ ಸಾಲಿಗೆ ಸಂಖ್ಯೆ ಕೊಡಬೇಡಿ. ಬಂದು ಪರೀಕ್ಷಿಸಿದ ಮೇಲೆ ಮಾತಾಡೋಣ ಎಂದರೆ ಸಾಕು, ನಿಜವಾಗಿ ಬೇಕಾದವರು ಬರುತ್ತಾರೆ.

ಕೆಳಗಿನವುಗಳಲ್ಲಿ ಒಂದು ಕಂಡರೂ ಸಂಭಾಷಣೆ ಮುಗಿಸಿ: ಒಂದೂ ಪ್ರಶ್ನೆ ಕೇಳದೆ ಪೂರ್ತಿ ಬೆಲೆಗೆ ಒಪ್ಪುವುದು, ತಾಣದ ಚಾಟ್ ಬಿಟ್ಟು ಹೊರಗೆ ಬರಲು ಒತ್ತಾಯ, ಹೆಚ್ಚು ಹಣ ಕಳಿಸಿದ್ದೇನೆ, ಉಳಿದದ್ದು ಹಿಂತಿರುಗಿಸಿ ಎನ್ನುವುದು, "ನೀವು ನಿಜವಾದವರೇ ಎಂದು ತಿಳಿಯಲು" ಫೋನಿಗೆ ಬಂದ ಕೋಡ್ ಕೇಳುವುದು, ಹಣ ಪಡೆಯಲು ಲಿಂಕ್ ಒತ್ತಿ, ಕೋಡ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ ಎನ್ನುವುದು. ಪಿನ್ ಹಾಕುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ. ಪಾವತಿಯ ಸ್ಕ್ರೀನ್‌ಶಾಟ್ ಪಾವತಿಯಲ್ಲ. ನಿಮ್ಮ ಖಾತೆಯನ್ನು ನೀವೇ ತೆರೆದು ಹಣ ಜಮೆಯಾದದ್ದನ್ನು ನೋಡಿ.

## 10. ಕೈಗೆ ಕೊಡುವುದು

ಎದುರುಬದುರು ಕೊಡುವುದಾದರೆ ಜನರಿರುವ, ವಿದ್ಯುತ್ ಪ್ಲಗ್ ಇರುವ ಜಾಗ ಆರಿಸಿ. ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ ಪರೀಕ್ಷಿಸಲು ಬಿಡಿ. ಆಮೇಲೆ "ಆವತ್ತೇ ಕೆಟ್ಟಿತ್ತು" ಎಂಬ ಮಾತು ಬರದಂತೆ ತಡೆಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ದಿನಾಂಕ, ಮಾದರಿ, ಸೀರಿಯಲ್ ಸಂಖ್ಯೆ, ಮೊತ್ತ, "ಇದ್ದ ಸ್ಥಿತಿಯಲ್ಲಿ, ಪರೀಕ್ಷಿಸಿ ಕೊಂಡಿದ್ದೇನೆ" ಎಂಬ ಸಾಲು ಇರುವ ಚೀಟಿಗೆ ಇಬ್ಬರೂ ಸಹಿ ಹಾಕಿ.

ಕೊರಿಯರ್ ಮಾಡುವುದಾದರೆ ಲಿಥಿಯಂ ಬ್ಯಾಟರಿ ಇರುವ ಸಾಧನ ಎಂದು ಮೊದಲೇ ತಿಳಿಸಿ, ಅವರ ನಿಯಮ ಕೇಳಿ. ಚಾರ್ಜನ್ನು 30%ರ ಹತ್ತಿರಕ್ಕೆ ಇಳಿಸಿ, ಸ್ಲೀಪ್‌ನಲ್ಲಿಡದೆ ಪೂರ್ತಿ ಆರಿಸಿ. ಪರದೆ ಮತ್ತು ಕೀಬೋರ್ಡ್ ನಡುವೆ ತೆಳು ಹಾಳೆ, ಸುತ್ತ ಬಬಲ್ ಹೊದಿಕೆ, ಚಾರ್ಜರ್ ಬೇರೆ ಸುತ್ತಿ, ಪೆಟ್ಟಿಗೆಯೊಳಗೆ ಪೆಟ್ಟಿಗೆ, ಎರಡರ ನಡುವೆ ಎಲ್ಲ ಕಡೆ 5 ಸೆಂ.ಮೀ. ಮೆತ್ತೆ. ಅಲ್ಲಾಡಿಸಿದಾಗ ಒಳಗೆ ಏನೂ ಸರಿಯಬಾರದು. ಸೀರಿಯಲ್ ಸಂಖ್ಯೆ ತೋರಿಸುವುದರಿಂದ ಹಿಡಿದು ಟೇಪ್ ಅಂಟಿಸುವವರೆಗೆ ತುಂಡಾಗದ ಒಂದೇ ವಿಡಿಯೊ ತೆಗೆಯಿರಿ. ಬೇರೆ ಯಂತ್ರ ತುಂಬಿ ವಾಪಸ್ ಕಳಿಸುವ ಮೋಸಕ್ಕೆ ನಿಮ್ಮ ಬಳಿ ಇರುವ ಉತ್ತರ ಅದೊಂದೇ.

ಹಣ ಬಂದ ದಿನವೇ ಮೈಕ್ರೋಸಾಫ್ಟ್, ಆ್ಯಪಲ್ ಅಥವಾ ಗೂಗಲ್ ಖಾತೆಯ ಸಾಧನಗಳ ಪಟ್ಟಿಯಿಂದ ಈ ಲ್ಯಾಪ್‌ಟಾಪ್ ತೆಗೆಯಿರಿ, ಜಾಹೀರಾತು ಇಳಿಸಿ. ಬ್ಯಾಕಪ್ ಡಿಸ್ಕ್, ಸಹಿಯ ಚೀಟಿ ಮತ್ತು ಪ್ಯಾಕಿಂಗ್ ವಿಡಿಯೊವನ್ನು ತಾಣದ ವಾಪಸಿನ ಅವಧಿ ಮುಗಿಯುವವರೆಗಾದರೂ ಜೋಪಾನ ಮಾಡಿ.